ಶರಣ ಹೆಂಡದ ಮಾರಯ್ಯನವರು

ಶಿವಶರಣರ ನಾಮಾವಳಿಯನ್ನು ಪಠಿಸುವಾಗ ಒಂದು ವಿಶೇಷವು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅವರಲ್ಲಿ ಬಹುಜನರ ಹೆಸರಿನ ಹಿಂದೆ ಮನೆತನದ ಹಿರಿಮೆಯಾಗಲಿ ಅರಸರು ಕೊಟ್ಟ ಬಿರುದಾಗಲಿ ಇರುವುದಿಲ್ಲ. ಅವರು ಕೈಕೊಂಡ ಕಾಯಕವೇ ಅಲ್ಲಿ ನಿಂತಿರುತ್ತದೆ. ದೋಣಿ ನಡೆಸಿದವರು ಅಂಬಿಗರ ಚೌಡಯ್ಯನವರು, ಬಿದಿರು ಸೀಳಿ ಬುಟ್ಟಿ ಹೆಣೆದವರು ಮೇದಾರ ಕೇತಯ್ಯನವರು, ಹಗ್ಗ ಹೊಸೆದವರು ನುಲಿಯ ಚಂದಯ್ಯನವರು, ದನ ಕಾಯ್ದವರು ತುರುಗಾಹಿ ರಾಮಣ್ಣನವರು. ಮಾರಯ್ಯನೆಂಬ ಹೆಸರಿನವರೇ ಹಲವರಿರುವುದರಿಂದ ಅವರನ್ನೂ ಕಾಯಕದಿಂದಲೇ ಗುರುತಿಸಬೇಕಾಗುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು ಆಯ್ದಕ್ಕಿ ಮಾರಯ್ಯನವರು. ಕಟ್ಟಿಗೆಯ ಹೊರೆ ಹೊತ್ತು ಮಾರಿದವರು ಮೋಳಿಗೆಯ ಮಾರಯ್ಯನವರು. ಇವರ ಸಾಲಿನಲ್ಲಿಯೇ, ಇವರ ಸಮಸಮಕ್ಕೆ, ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯನವರ ಹೆಸರೂ ಬರುತ್ತದೆ.

ಈ ಹೆಸರನ್ನು ಮೊದಲ ಸಲ ಕೇಳಿದ ಗೃಹಸ್ಥರು ಒಂದು ಕ್ಷಣ ತಡೆದು ನಿಲ್ಲುವುದುಂಟು. ಲಿಂಗಧಾರಿಗಳಾದವರ ಮನೆಯಲ್ಲಿ ಮದ್ಯವು ವರ್ಜ್ಯವಾದದ್ದು. ಅದನ್ನು ಮುಟ್ಟುವುದೇ ಸದಾಚಾರಕ್ಕೆ ವಿರುದ್ಧವೆಂದು ಹಿರಿಯರು ಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. ಹಾಗಿರಲು ಅದನ್ನು ಮಾರಿ ಜೀವಿಸಿದವರನ್ನು ಶರಣರು ತಮ್ಮವರೆಂದು ಅಪ್ಪಿಕೊಂಡದ್ದು ಹೇಗೆ? ಅಪ್ಪಿಕೊಂಡ ಮೇಲೆಯಾದರೂ ಆ ಹೆಸರನ್ನು ಬದಲಿಸದೆ ಎಂಟು ನೂರು ವರುಷಗಳಿಗೂ ಮೀರಿ ಹಾಗೆಯೇ ಉಳಿಸಿಕೊಂಡು ಬಂದದ್ದು ಏಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಮಾರಯ್ಯನವರ ಜೀವನದಲ್ಲಿಯೇ ಹುಡುಕಬೇಕಾಗಿದೆ. ಉತ್ತರವು ದೊರೆತರೆ ಅದು ನಮ್ಮ ಇಂದಿನ ನಡತೆಗೂ ಅನ್ವಯಿಸತಕ್ಕದ್ದಾಗಿದೆ.

ಮಾರಯ್ಯನವರ ಕಾಲವನ್ನು ವಿದ್ವಾಂಸರು 1160 ರ ಸುಮಾರು ಎಂದು ಗೊತ್ತುಪಡಿಸಿದ್ದಾರೆ. ಬಸವಣ್ಣನವರ ದಾಸೋಹವೂ ಅಲ್ಲಮಪ್ರಭುಗಳ ಅನುಭಾವವೂ ಕಲ್ಯಾಣವನ್ನು ಬೆಳಗುತ್ತಿದ್ದ ಕಾಲವದು. ರಾಜ್ಯವು ಚಾಲುಕ್ಯರ ಕೈಯಿಂದ ಕಲಚುರಿ ಬಿಜ್ಜಳನ ಕೈಗೆ ಬಂದಿತ್ತು. ರಾಜಧಾನಿಯೆಂದ ಮೇಲೆ ಅಲ್ಲಿ ಸೈನಿಕರು, ಗಾಡಿಕಾರರು, ದೇಶಾಂತರದ ವರ್ತಕರು, ಕೂಲಿಕಾರರು ನೆರೆದಿರುವುದು ಸಹಜ. ಅವರು ನೆರೆದಲ್ಲಿ ಹೆಂಡದಂಗಡಿಗಳಿರುವುದೂ ಸಹಜ.

ಮದ್ಯದ ಅಂಗಡಿಗಳ ಇತಿಹಾಸವು ಬಹು ಪುರಾತನವಾದದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿವರಿಸುವ ಪ್ರಕರಣವೇ ಉಂಟು. ಪಾನಗೃಹಗಳಲ್ಲಿ ಬೇರೆ ಬೇರೆ ಕೋಣೆಗಳೂ ಮಂಚ, ಆಸನ, ಗಂಧಮಾಲ್ಯಗಳೂ ಇರತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ. ಪಾನಗೃಹದಿಂದ ರಾಜನ ಬೊಕ್ಕಸಕ್ಕೆ ಹಣ ಬರತಕ್ಕದ್ದೆಂಬುದೂ ಅಷ್ಟೇ ಸ್ಪಷ್ಟ. ಇನ್ನು ಕಲ್ಯಾಣದ ಸಂಗತಿಯನ್ನೇ ನೋಡುವುದಾದರೆ, 1126 ರಿಂದ 1138 ರ ವರೆಗೆ ಅಲ್ಲಿಂದಲೇ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳನ್ನು ಎಣಿಸುವಾಗ ಮದಿರಾಪಾನದ ಕ್ರೀಡೆಯನ್ನೂ ಸೇರಿಸಿದ್ದಾನೆ. ಅರಮನೆಯಲ್ಲಿ ಅದು ಕ್ರೀಡೆ, ಬೀದಿಯಲ್ಲಿ ದುಶ್ಚಟ. ಅರಮನೆಯವರ ಪಾನವು ಗ್ರಂಥವನ್ನು ಸೇರಿತು. ಬೀದಿಯಲ್ಲಿ ಮಡಕೆಯಿಟ್ಟುಕೊಂಡು ಕೂತವನ ಮೇಲೆ ಮಾತ್ರ ಲೋಕದ ನಿಂದೆ ಬಿತ್ತು. ಮಾರಯ್ಯನವರು ಈ ನಿಂದೆಯ ಮಗ್ಗುಲಲ್ಲಿ ಬಾಳಿದವರು.

ಆ ವೃತ್ತಿಯೇನೂ ಸುಲಭವಾದದ್ದಲ್ಲ. ನಮ್ಮ ನಾಡಿನಲ್ಲಿ ಈಚಲ ಮರದಿಂದ ಹೆಂಡ ಇಳಿಸುವ ಕ್ರಮವನ್ನು ಬಲ್ಲವರಿಗೆ ಇದು ತಿಳಿದ ಮಾತು. ಸಂಜೆಯ ಹೊತ್ತಿಗೆ ಮರವನ್ನೇರಿ, ಸುಳಿಯ ಕೆಳಗೆ ಕೆತ್ತಿ, ಮಡಕೆಯನ್ನು ಕಟ್ಟಿ ಇಳಿಯಬೇಕು. ರಾತ್ರಿಯೆಲ್ಲ ರಸವು ಹನಿಹನಿಯಾಗಿ ಮಡಕೆಗೆ ಇಳಿಯುತ್ತದೆ. ಸೂರ್ಯೋದಯಕ್ಕೆ ಮೊದಲೇ ಮತ್ತೆ ಏರಿ ಅದನ್ನು ಇಳುಹಿಕೊಳ್ಳಬೇಕು. ಮುಂಜಾವಿನಲ್ಲಿ ಆ ರಸವು ಕೇವಲ ಸಿಹಿಯಾದ ನೀರಾ. ಎಳೆಯ ಮಕ್ಕಳಿಗೂ ಕೊಡಬಹುದಾದದ್ದು. ಅದನ್ನೇ ಕಾಸಿದರೆ ಬೆಲ್ಲವಾಗುತ್ತದೆ. ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ಸಿಹಿಯು ಕೆಲವು ಹೊತ್ತು ಉಳಿಯುತ್ತದೆ. ಹಾಗೆಯೇ ಬಿಟ್ಟರೆ ಬಿಸಿಲೇರಿದಂತೆ ನೊರೆಗಟ್ಟಿ, ಹುಳಿತು, ಮಧ್ಯಾಹ್ನದೊಳಗಾಗಿ ಮತ್ತೇರಿಸುವ ಹೆಂಡವಾಗುತ್ತದೆ. ಮರವು ಕೊಟ್ಟದ್ದು ಒಂದೇ ರಸ. ಅದು ಅಮೃತವಾಗುವುದೂ ಅಮಲಾಗುವುದೂ ಅದನ್ನು ಇಟ್ಟುಕೊಂಡವರ ಎಚ್ಚರವನ್ನು ಅವಲಂಬಿಸಿದೆ. ಮನಸ್ಸಿನ ಗತಿಯೂ ಇದೇ ಎಂಬುದನ್ನು ಕಾಣಲು ಈ ವೃತ್ತಿಯವರಿಗೆ ಬೇರೆ ದೃಷ್ಟಾಂತವು ಬೇಕಾಗಿರಲಿಲ್ಲ.

ಇಂಥ ಮಾರಯ್ಯನವರ ಕಿವಿಗೆ ಶರಣರ ಮಾತು ಬಿತ್ತು. ಕುಲವನ್ನು ಕೇಳದೆ, ಸಿರಿಯನ್ನು ನೋಡದೆ, ಇಷ್ಟಲಿಂಗವನ್ನು ಕರುಣಿಸಿ ಸಮಪಂಕ್ತಿಯಲ್ಲಿ ಕೂಡ್ರಿಸಿಕೊಳ್ಳುವವರು ಕಲ್ಯಾಣದಲ್ಲಿದ್ದಾರೆಂದ ಮೇಲೆ, ಲೋಕವು ದೂರವಿಟ್ಟ ಜನರೆಲ್ಲರೂ ಅತ್ತ ನಡೆದರು. ಸೂಳೆ ಸಂಕವ್ವೆಯವರು ಬಂದರು. ಕನ್ನ ಹಾಕುತ್ತಿದ್ದ ಕನ್ನದ ಮಾರಿತಂದೆಯವರು ಬಂದರು. ತೊಗಲಿನ ಕೆಲಸದ ಡೋಹರ ಕಕ್ಕಯ್ಯನವರು ಬಂದರು. ಹೆಂಡದ ಮಾರಯ್ಯನವರೂ ಬಂದರು. ಅವರವರ ಹಿಂದಿನ ಬಾಳನ್ನು ಕೇಳಿ ಬಾಗಿಲು ಹಾಕಿಕೊಂಡಿದ್ದರೆ ಅನುಭವ ಮಂಟಪವು ಸಜ್ಜನರ ಸಭೆಯಾಗಿ ಉಳಿಯುತ್ತಿತ್ತೇ ಹೊರತು ಉದ್ಧಾರದ ಸ್ಥಾನವಾಗುತ್ತಿರಲಿಲ್ಲ.

ಶರಣನಾದ ಬಳಿಕ ಮಾರಯ್ಯನವರು ಏನು ಮಾಡಿದರೆಂಬುದನ್ನು ಪರಂಪರೆಯು ಬಹು ಸಂಕ್ಷೇಪವಾಗಿ ತಿಳಿಸುತ್ತದೆ. ಹೆಂಡ ಕುಡಿಯಲು ಬಂದವರಿಗೆ, ಕುಡಿಯಬಾರದೆಂದು ಅವರೇ ತಿಳಿಯಹೇಳತೊಡಗಿದರಂತೆ. ಈ ಒಂದು ಸಂಗತಿಯನ್ನು ಓದಿ ಮುಂದೆ ಸಾಗಿಬಿಡಬಾರದು. ಕುಡಿಯಬೇಡಿರೆಂದು ಉಪದೇಶಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆ ಉಪದೇಶದಿಂದ ಉಪದೇಶಕನಿಗೆ ಏನೂ ನಷ್ಟವಾಗುವುದಿಲ್ಲ. ಆದರೆ ಅಂಗಡಿಕಾರನೇ ತನ್ನ ಗಿರಾಕಿಯನ್ನು ಹಿಂದಕ್ಕೆ ಕಳುಹಿಸತೊಡಗಿದರೆ ಅವನ ಸಂಜೆಯ ಗಂಜಿಗೇ ಕುತ್ತು ಬರುತ್ತದೆ. ಮಾರಯ್ಯನವರ ಮಾತಿಗೆ ಬೆಲೆ ಬಂದದ್ದು ಇಲ್ಲಿಯೇ. ತಮ್ಮ ಕಾಯಕದಿಂದ ತಮಗೆ ಬರುವ ಹಣದ ಹಿಂದೆ ಇನ್ನೊಬ್ಬರ ಮನೆಯ ಒಲೆ ಆರುವುದನ್ನು ಅವರು ಕಂಡರು. ಕಂಡ ಮೇಲೆ ಕಾಣದವರಂತೆ ಇರಲಾರದೆ ಹೋದರು.

ಅವರು ಧರ್ಮೇಶ್ವರಲಿಂಗವೆಂಬ ಅಂಕಿತದಿಂದ ವಚನಗಳನ್ನು ಹೇಳಿದ್ದಾರೆ. ಇಂದು ನಮಗೆ ಉಪಲಬ್ಧವಾಗಿರುವವು 12 ವಚನಗಳು ಮಾತ್ರ. ಅವುಗಳಲ್ಲಿ ತಮ್ಮ ವೃತ್ತಿಯ ಪರಿಭಾಷೆಯನ್ನೇ ಬಳಸಿ ಅವರು ಶಿವಾನುಭವವನ್ನು ತಿಳಿಸುತ್ತಾರೆ. ಒಂದು ವಚನದ ಅಭಿಪ್ರಾಯವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ತಾವೀಗ ಮಾರಲು ತಂದಿರುವುದು ಸುಧೆ, ಆದರೆ ಅದಕ್ಕೆ ಗಿರಾಕಿಗಳೇ ಇಲ್ಲವೆಂದು ಅವರು ಆರಂಭಿಸುತ್ತಾರೆ. ಹೊರಗಿನ ಪಾತ್ರೆಯನ್ನೂ ಒಳಗಿನ ಇಂದ್ರಿಯಗಳನ್ನೂ ತುಂಬಿ ತುಂಬಿ ದಣಿದ ಬಳಿಕ, ಸಂಶಯವನ್ನು ತೊರೆದು, ಕಣ್ಣು ಮುಚ್ಚಿ ಮತ್ತೆ ತೆರೆದಾಗ ತಮ್ಮ ಇಷ್ಟದೈವವು ಕಾಣಿಸಿತೆಂಬಲ್ಲಿಗೆ ಅದು ಮುಗಿಯುತ್ತದೆ.

ಇದರಲ್ಲಿ ಎಂಥ ಅನುಭವವು ಅಡಗಿದೆಯೆಂಬುದನ್ನು ವಾಚಕರು ವಿಚಾರಿಸಬೇಕು. ಹೆಂಡ ಮಾರುವವನು ಗಿರಾಕಿಯನ್ನು ಕೂಗಿ ಕರೆಯಬೇಕಾದದ್ದಿಲ್ಲ. ಕತ್ತಲಾದೊಡನೆ ಅವರೇ ನೆರೆಯುತ್ತಾರೆ. ಇದ್ದ ಹಣವನ್ನು ಕೊಟ್ಟು, ಇಲ್ಲದ್ದಕ್ಕೆ ಸಾಲ ಹೇಳಿ ಕುಡಿಯುತ್ತಾರೆ. ಅದೇ ಮನುಷ್ಯನು, ಅದೇ ಬೀದಿಯಲ್ಲಿ, ಬೆಲೆಯಿಲ್ಲದ ಸುಧೆಯನ್ನು ಹಿಡಿದು ನಿಂತರೆ ಒಬ್ಬನೂ ತಿರುಗಿ ನೋಡುವುದಿಲ್ಲ. ಕೆಟ್ಟದ್ದಕ್ಕೆ ಎಷ್ಟು ಬೇಗ ಜನ ಕೂಡುತ್ತಾರೆ, ಒಳ್ಳೆಯದಕ್ಕೆ ಎಷ್ಟು ತಡವಾಗಿ ಬರುತ್ತಾರೆ ಎಂಬ ಲೆಕ್ಕವನ್ನು ಎರಡೂ ಬಗೆಯ ವ್ಯಾಪಾರ ಮಾಡಿ ನೋಡಿದವರು ಮಾತ್ರ ಹೇಳಬಲ್ಲರು. ಮಾರಯ್ಯನವರಾದರೋ ಆ ಲೆಕ್ಕವನ್ನು ಹೇಳಿ ನಿರಾಶರಾಗಿ ಕೂಡ್ರಲಿಲ್ಲ. ಕೊಳ್ಳುವವರಿಲ್ಲದಿದ್ದರೆ ತಾವೇ ಅದನ್ನುಂಡು ತೃಪ್ತರಾದರು. ಅಮಲು ಕಣ್ಣನ್ನು ಮುಚ್ಚಿಸುತ್ತದೆ. ಅವರು ಕಂಡ ಆನಂದವು ಕಣ್ಣನ್ನು ತೆರೆಯಿಸಿತು.

ಹೀಗೆ ನೋಡಿದರೆ ಮೊದಲಿನ ಎರಡು ಪ್ರಶ್ನೆಗಳಿಗೂ ಉತ್ತರವು ದೊರೆಯುತ್ತದೆ. ಶರಣರು ಅಪ್ಪಿಕೊಂಡದ್ದು ಮನುಷ್ಯನನ್ನು, ಅವನ ಕೈಯ ಮಡಕೆಯನ್ನಲ್ಲ. ಹೆಸರನ್ನು ಉಳಿಸಿದ್ದು ನಾಚಿಕೆಪಡಿಸುವುದಕ್ಕಲ್ಲ, ಸಾಕ್ಷಿಗಾಗಿ. ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದರೆಂಬುದನ್ನು ಆ ಹೆಸರೇ ಸಾರುತ್ತದೆ. ಅದನ್ನು ಅಳಿಸಿ ಬೇರೊಂದು ಸುಂದರವಾದ ಹೆಸರನ್ನಿಟ್ಟಿದ್ದರೆ, ಅಂಥದೇ ವೃತ್ತಿಯಲ್ಲಿ ಸಿಕ್ಕಿಕೊಂಡ ನಾಳಿನ ಮನುಷ್ಯನಿಗೆ ತನಗೂ ದಾರಿಯುಂಟೆಂಬ ಧೈರ್ಯವು ಎಲ್ಲಿಂದ ಬರುತ್ತಿತ್ತು?

ಇಂಥ ಸಣ್ಣ ಸಂಖ್ಯೆಯ ವಚನಗಳ ಶರಣರು ನಮಗೆ ಉಳಿದು ಬಂದದ್ದೂ ಒಂದು ಪುಣ್ಯದ ಕಥೆಯೇ. ಕಲ್ಯಾಣದ ವಿಪ್ಲವದ ತರುವಾಯ ವಚನಗಳು ತಾಡೋಲೆಗಳಲ್ಲಿ, ಮಠಗಳ ಮತ್ತು ಗೃಹಸ್ಥರ ಮನೆಗಳ ಗಂಟುಗಳಲ್ಲಿ ಉಳಿದುಕೊಂಡಿದ್ದವು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಈ ಕಟ್ಟುಗಳನ್ನು ಅರಸಿ ಊರೂರು ತಿರುಗಿದರು. ನಮ್ಮ ರಬಕವಿ-ಬನಹಟ್ಟಿಯ ಕಡೆಯ ಭಕ್ತರ ಮನೆಯಲ್ಲಿ ಕಂಡ ವಚನಗಳ ತಾಡೋಲೆಗಳು ಅವರ ಈ ಕಾರ್ಯಕ್ಕೆ ಪ್ರೇರಣೆಯನ್ನು ಕೊಟ್ಟವುಗಳಲ್ಲಿ ಸೇರಿವೆಯೆಂಬುದು ಇಲ್ಲಿಯವರು ಅಭಿಮಾನಪಡತಕ್ಕ ಸಂಗತಿ. 1923 ರಲ್ಲಿ ಅವರ ವಚನಶಾಸ್ತ್ರಸಾರವು ಹೊರಬಂದಿತು. 1926 ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು. ಮುಂದೆ 1993 ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ, ಬಸವಾದಿ ಪ್ರಮುಖರೊಡನೆ ಹೆಂಡದ ಮಾರಯ್ಯನವರಿಗೂ ಅವರ 12 ವಚನಗಳಿಗೂ ಸ್ಥಾನ ದೊರೆಯಿತು.

ಇನ್ನು ಮಾರಯ್ಯನವರ ಜೀವನವನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡೋಣ. ಹಿಂದೆ ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ. ರಬಕವಿಯು ಸಾಂಗಲಿಗೆ ಸೇರಿದ್ದು, ಬೀಳಗಿಯು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಆಳುವವರು ಬೇರೆಯಾದರೂ ಸಿಂದಿ ಅಂಗಡಿ, ಸೆರೆ ಅಂಗಡಿ ಎಂಬ ಮಾತುಗಳು ಎಲ್ಲ ಕಡೆಗೂ ಪರಿಚಿತವಾದವುಗಳೇ. ಮುಂಬಯಿ ಪ್ರಾಂತದಲ್ಲಿ 1878 ರ ಅಬಕಾರಿ ಕಾಯದೆಯ ತರುವಾಯ ಮದ್ಯ ತಯಾರಿಸುವ ಮತ್ತು ಮಾರುವ ಹಕ್ಕು ಸರಕಾರದ ಬಿಗಿ ಹಿಡಿತಕ್ಕೆ ಬಂದಿತು. ಹೆಂಡ ಇಳಿಸುವ ಮರಮರಕ್ಕೂ ತೆರಿಗೆ ಬಿದ್ದಿತು. ಹಕ್ಕನ್ನು ಗುತ್ತಿಗೆ ಹಿಡಿಯುವ ಧನಿಕರು ಹುಟ್ಟಿಕೊಂಡರು. ಕಲಬುರಗಿಯ ಕಡೆಗೆ ಗುತ್ತೇದಾರರೆಂಬುದು ಮನೆತನದ ಹೆಸರೇ ಆಗಿ ನಿಂತಿರುವುದನ್ನು ನೋಡಿದರೆ ಈ ಪದ್ಧತಿಯು ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತೆಂಬುದು ತಿಳಿಯುತ್ತದೆ. ಮರವೇರಿ ರಸ ಇಳಿಸುವವನು ಬಡವನಾಗಿಯೇ ಉಳಿದನು. ಕುಡಿಯುವವನು ಇನ್ನೂ ಬಡವನಾದನು. ಲಾಭವು ಎರಡನ್ನೂ ಮಾಡದವನ ಕೈ ಸೇರಿತು.

1948 ರ ಮಾರ್ಚ್ 8 ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮುಂಬಯಿ ಸರಕಾರವು 1949 ರಲ್ಲಿ ಪಾನನಿರೋಧದ ಕಾಯದೆ ಮಾಡಿ, 1950 ರ ಏಪ್ರಿಲ್ 6 ರಿಂದ ಸಂಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತು. 1956 ರಲ್ಲಿ ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1967 ರಲ್ಲಿ ಆ ನಿರೋಧವು ತೆರವಾಗಿ ಅಂಗಡಿಗಳು ಮತ್ತೆ ತೆರೆದವು. 2007 ರ ಜುಲೈ 1 ರಿಂದ ಸಾರಾಯಿ ಮಾರಾಟವು ನಿಷಿದ್ಧವಾಯಿತಾದರೂ ಉಳಿದ ಮದ್ಯಗಳ ವ್ಯಾಪಾರವು ನಡೆದೇ ಇದೆ. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯು ಇಂದಿಗೂ ದೊಡ್ಡ ಆದಾಯವಾಗಿದೆ. ಕಾಯದೆಯು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು, ತೆರೆಯಬಲ್ಲದು. ಮನಸ್ಸಿನ ಬಾಗಿಲು ಅದರ ಕೈಯಲ್ಲಿಲ್ಲವೆಂಬುದನ್ನು ಈ ಅರವತ್ತು ಎಪ್ಪತ್ತು ವರುಷಗಳ ಚರಿತ್ರೆಯೇ ತೋರಿಸಿದೆ.

ನಮ್ಮ ಜಿಲ್ಲೆಯ ಇಳಕಲ್ಲಿನ ಮಹಾಂತ ಶಿವಯೋಗಿಗಳು ಮಾರಯ್ಯನವರ ದಾರಿಯನ್ನೇ ಹಿಡಿದರೆಂದು ಹೇಳಬಹುದು. ಅವರು 1975 ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ಕಾಳುಕಡಿ ಬೇಡುವುದಕ್ಕಲ್ಲ. ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡುವುದಕ್ಕೆ. ಕುಡುಕನನ್ನು ಬೈಯದೆ, ಅವನ ಮನೆಯ ಬಾಗಿಲಿಗೇ ಹೋಗಿ, ಅವನ ಚಟವನ್ನು ತಮ್ಮ ಜೋಳಿಗೆಗೆ ಹಾಕಿಸಿಕೊಂಡರು. 2018 ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1 ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡಿಯುವವನ ಕಡೆಯಿಂದ ಅವರು ಮಾಡಿದ ಕೆಲಸವನ್ನೇ ಮಾರುವವನ ಕಡೆಯಿಂದ ಮಾರಯ್ಯನವರು ಮಾಡಿದ್ದರು.

ಈ ಎರಡನೆಯ ಕಡೆಯನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಶರಣಬಂಧುಗಳಲ್ಲಿ ಅನೇಕರು ಮದ್ಯವನ್ನು ಮುಟ್ಟದವರು. ಅದು ಸಂತೋಷದ ಸಂಗತಿ. ಆದರೆ ಮುಟ್ಟದವರ ಮಳಿಗೆಯು ಹೆಚ್ಚಿನ ಬಾಡಿಗೆಯ ಆಸೆಗಾಗಿ ಮದ್ಯದಂಗಡಿಗೆ ಸಲ್ಲುವುದಿಲ್ಲವೇ? ಮುಟ್ಟದವರ ಹಣವು ಬಡ್ಡಿಗಾಗಿ ಆ ವ್ಯಾಪಾರದಲ್ಲಿ ತೊಡಗುವುದಿಲ್ಲವೇ? ಚುನಾವಣೆಯ ದಿನಗಳಲ್ಲಿ ತಾವು ಕುಡಿಯದೆ ಊರಿಗೆಲ್ಲ ಕುಡಿಸುವವರಿಲ್ಲವೇ? ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈಯೇ ಸಂಜೆಗೆ ಆ ಹಣವನ್ನು ಎಣಿಸಿದರೆ ಅದು ಸತ್ಯಶುದ್ಧವಾದ ಕಾಯಕವೆನಿಸಲಾರದು. ದುಡಿದವನು ಬೆವರು ಸುರಿಸಿದನೋ ಇಲ್ಲವೋ ಎಂಬುದರ ಜೊತೆಗೆ, ಆ ದುಡಿಮೆಯಿಂದ ಯಾರ ಮನೆಯಲ್ಲಿ ಕಣ್ಣೀರು ಸುರಿಯಿತೆಂಬುದನ್ನೂ ಶರಣಧರ್ಮವು ಕೇಳುತ್ತದೆ.

ನಮ್ಮ ಜಮಖಂಡಿ, ಮುಧೋಳಗಳ ಹೊಲಗಳಲ್ಲಿ ಕಬ್ಬು ಸಮೃದ್ಧಿಯಾಗಿ ಬೆಳೆಯುತ್ತದೆ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಮದ್ಯಸಾರವಾಗುತ್ತದೆ. ಅದೇ ಮದ್ಯಸಾರವು ಔಷಧಕ್ಕೂ ಬೇಕು, ಇಂದು ಪೆಟ್ರೋಲಿನೊಡನೆ ಬೆರೆಸಿ ವಾಹನ ಓಡಿಸುವುದಕ್ಕೂ ಬೇಕು, ಸೀಸೆಯೊಳಗೆ ತುಂಬಿ ಸಂಸಾರ ಕೆಡಿಸುವುದಕ್ಕೂ ಆದೀತು. ಈಚಲ ರಸದ ಸಂಗತಿಯೇ ಇಲ್ಲಿಯೂ ಬಂದಿತು. ವಸ್ತುವಿನ ಮೇಲೆ ದೋಷ ಹೊರಿಸಿ ನಾವು ಪಾರಾಗುವಂತಿಲ್ಲ.

ಇನ್ನೊಂದು ತಪ್ಪಿನಿಂದಲೂ ದೂರವಿರಬೇಕು. ಮದ್ಯವನ್ನು ದ್ವೇಷಿಸುವ ಭರದಲ್ಲಿ, ವಂಶಪಾರಂಪರ್ಯವಾಗಿ ಹೆಂಡ ಇಳಿಸುತ್ತಿದ್ದ ಜನರನ್ನು ಕೀಳಾಗಿ ಕಾಣುವುದು, ಕುಡಿತಕ್ಕೆ ಬಿದ್ದ ನೆರೆಯವನನ್ನು ಮನುಷ್ಯನೇ ಅಲ್ಲವೆಂಬಂತೆ ದೂಡುವುದು ಶರಣರ ರೀತಿಯಲ್ಲ. ಹಾಗೆ ಮಾಡಿದ್ದರೆ ಕಲ್ಯಾಣದಲ್ಲಿ ಮಾರಯ್ಯನವರಿಗೆ ಎಡೆಯೇ ಇರುತ್ತಿರಲಿಲ್ಲ. ಮನುಷ್ಯನನ್ನು ತಿರಸ್ಕರಿಸಿ ಅವನ ವೃತ್ತಿಯ ಲಾಭವನ್ನು ಮಾತ್ರ ಅಪ್ಪಿಕೊಳ್ಳುವುದು ಲೋಕದ ಪದ್ಧತಿ. ಮನುಷ್ಯನನ್ನು ಅಪ್ಪಿಕೊಂಡು ಆ ಲಾಭವನ್ನು ಬಿಡಿಸಿದ್ದು ಶರಣರ ಪದ್ಧತಿ.

ಆದ ಕಾರಣ, ಶ್ರಾವಣಮಾಸದಲ್ಲಿ ಮನೆಮನೆಗಳಲ್ಲಿ ವಚನಪಠಣವು ನಡೆಯುವಾಗ ಈ ಮಹಾನುಭಾವರ 12 ವಚನಗಳಿಗೂ ಒಂದು ದಿನವನ್ನು ಮೀಸಲಿಡಬೇಕೆಂದು ಭಕ್ತರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಅಂದು ಮನೆಯ ಯಜಮಾನರು ತಮ್ಮ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು, ತಮ್ಮ ಬಾಡಿಗೆ, ಬಡ್ಡಿ, ಪಾಲುಗಳಲ್ಲಿ ಮಾರಯ್ಯನವರು ಬಿಟ್ಟ ಹಣವೇನಾದರೂ ಸೇರಿಕೊಂಡಿದೆಯೋ ಎಂದು ನೋಡಿಕೊಳ್ಳಲಿ. ಊರಿನಲ್ಲಿ ಕುಡಿತವನ್ನು ಬಿಡಬೇಕೆಂದು ಹೆಣಗುತ್ತಿರುವವರೊಬ್ಬರಿದ್ದರೆ ಅವರನ್ನೂ ಅಂದಿನ ಪ್ರಸಾದಕ್ಕೆ ಕರೆದು ತಮ್ಮ ಪಂಕ್ತಿಯಲ್ಲಿಯೇ ಕೂಡ್ರಿಸಿಕೊಳ್ಳಲಿ.